ಮೌನದ ಮಗುವಿನ ಅಕ್ಕ

ಮಗುವಿನ ವಯಸ್ಸು ಹೇಳಿದರೆ ಸಾಕು, ಟೈಲರಕ್ಕ ಟೇಪು ಮುಟ್ಟದೆಯೇ ಅಳತೆ ಹೇಳಿಬಿಡುತ್ತಿದ್ದಳು. ಐದು ವರ್ಷಕ್ಕೆ ಎದೆ ಇಪ್ಪತ್ತಮೂರು ಇಂಚು, ಏಳಕ್ಕೆ ಇಪ್ಪತ್ತೈದು. ಮಗು ಗುಂಡಗಿದ್ದರೆ ಇನ್ನೊಂದು ಸೇರಿಸು. ಮೂವತ್ತನಾಲ್ಕು ವರ್ಷ ಶಾಲೆಯ ಸಮವಸ್ತ್ರ ಹೊಲಿದ ಕೈ ಅದು. ಹೊಲಿಗೆ ಒಂದು ನೂಲೆಳೆಯಷ್ಟು ಓರೆಯಾದರೂ ಪೂರ್ತಿ ಬಿಚ್ಚಿ ಮತ್ತೆ ಹೊಲಿಯುವವಳು ಎಂದು ಬೀದಿಯಲ್ಲೆಲ್ಲ ಹೆಸರು. ಅದೇ ಅಂಗಡಿಯ ಹಿಂಭಾಗದಲ್ಲಿ ಇಸ್ತ್ರಿ ಹಾಕುತ್ತಿದ್ದ ಅವಳ ಗಂಡ, "ದೇವರೇ ಬಂದು ತನ್ನ ಅಂಗಿ ಕೊಟ್ರೂ ಇವಳು ಕಾಲರ್ ಸರಿಯಿಲ್ಲ ಅಂತಾಳೆ" ಎಂದು ಗಿರಾಕಿಗಳ ಮುಂದೆ ನಗುತ್ತಿದ್ದ.

ಬಿಪಿ ಇಲ್ಲ, ಸಕ್ಕರೆ ಇಲ್ಲ, ಐವತ್ತನಾಲ್ಕರಲ್ಲೂ ಸೂಜಿಗೆ ಕನ್ನಡಕವಿಲ್ಲದೆ ದಾರ ಪೋಣಿಸುವ ಈ ಹೆಂಗಸಿಗೆ ಇದ್ದದ್ದು ಒಂದೇ ಕಾಯಿಲೆ, ಹೊಟ್ಟೆಕಿಚ್ಚು. ಅದರ ಮೂಲ ಕನ್ನಡಿಯ ಪಕ್ಕದ ಗೋಡೆಗೇ ಅಂಟಿಕೊಂಡಿತ್ತು. ವೇದಿಕೆಯ ಮೇಲೆ ಮೈಕಿನ ಮುಂದೆ ನಿಂತ ತಂಗಿಯ ಫೋಟೊ, ಪತ್ರಿಕೆಯಿಂದ ಕತ್ತರಿಸಿದ್ದು. ಅಂಟಿಸಿದವನು ಗಂಡ.

"ತೆಗೀರಿ ಅದನ್ನ, ಗೋಡೆ ಹಾಳಾಗುತ್ತೆ," ಎಂದು ಅವಳು ಎಷ್ಟು ಸಲ ಹೇಳಿದ್ದಳೋ.

"ಇರ್ಲಿ ಬಿಡೇ. ಮೌನದ ಮಗುವಿನ ಅಂಗಡಿ ಅಂತ ಗಿರಾಕಿ ಬರ್ತಾರೆ."

"ಮಗುವಂತೆ! ನಲವತ್ತೆಂಟು ವರ್ಷದ ಮಗು."

ಬಂದ ಗಿರಾಕಿಗಳು ಫೋಟೊ ನೋಡಿ ಕೇಳುತ್ತಿದ್ದದ್ದು ಎರಡೇ ಪ್ರಶ್ನೆ. "ಇವರು ನಿಮಗೇನಾಗ್ಬೇಕು?" ತಂಗಿ ಎಂದು ಗೊತ್ತಾದ ಮೇಲೆ, ಕಣ್ಣರಳಿಸಿ, "ಹೌದಾ! ಹಾಗಾದ್ರೆ ಆಗ ನೀವೆಲ್ಲಿದ್ರಿ?"

"ಪಕ್ಕದಲ್ಲೇ ಇದ್ದೆ. ಪ್ಯಾಂಟಿನ ಉದ್ದ ಎಷ್ಟಿಡ್ಲಿ?" ಎನ್ನುತ್ತಿದ್ದಳು ಟೈಲರಕ್ಕ, ಟೇಪನ್ನು ಗಿರಾಕಿಯ ಸೊಂಟಕ್ಕೆ ಒಂದು ಎಳೆ ಬಿಗಿಯಾಗಿಯೇ ಸುತ್ತಿ.

ಆಗ ಎಂದರೆ ನಲವತ್ತೈದು ವರ್ಷಗಳ ಹಿಂದಿನ ಆ ಹನ್ನೊಂದು ದಿನ. ಅಕ್ಕ-ತಂಗಿಯರ ಜನಾಂಗದವರು ಅದನ್ನು ಹಾಗೆಯೇ ಕರೆಯುವುದು. ಮೊದಲ ದಿನ ಅವರ ಜನರ ಮನೆಬಾಗಿಲುಗಳ ಮೇಲೆ ಸುಣ್ಣದ ಗೆರೆ ಬಿತ್ತು. ಗಂಡಸರನ್ನು ಪಟ್ಟಿ ನೋಡಿ ಹೆಸರು ಕರೆದು ಲಾರಿ ಹತ್ತಿಸಿದರು. ಆಮೇಲೆ ಮನೆಗಳಿಗೇ ನುಗ್ಗಿದರು. ಹನ್ನೆರಡನೆಯ ದಿನ ಬೀದಿಯ ಅರವತ್ತು ಮನೆಗಳಲ್ಲಿ ಉಳಿದದ್ದು ಹದಿನೇಳು ಜನ. ಸರ್ಕಾರ ಇಪ್ಪತ್ತು ವರ್ಷ ಅದನ್ನು ಗಲಭೆ ಎಂದೇ ಬರೆಯಿತು. ಸರ್ಕಾರ ಬದಲಾದ ಮೇಲೆ ಆಯೋಗ ಬಂತು, ಆಯೋಗದ ಹಿಂದೆ ವಿದ್ವಾಂಸರು ಬಂದರು. ಜಮೀನಿಗಾಗಿ ಕೊಂದರು ಎಂದ ಒಬ್ಬ, ಹೆದರಿಕೆಯಿಂದ ಕೊಂದರು ಎಂದ ಇನ್ನೊಬ್ಬ. ಆದರೆ ಇಬ್ಬರೂ ಅದನ್ನು ನರಮೇಧ ಎಂದು ಕರೆದರು, ಆ ಹೆಸರು ನಿಂತಿತು.

ಆಯೋಗದ ಗುಮಾಸ್ತ ಅಂಗಡಿಗೆ ಬಂದದ್ದು ಶಾಲೆ ಶುರುವಾಗುವ ಹಿಂದಿನ ವಾರ. ಅವನ ಕೈಯಲ್ಲಿದ್ದ ನಮೂನೆಯಲ್ಲಿ ಒಂದು ಕುಟುಂಬಕ್ಕೆ ಒಂದೇ ಹೇಳಿಕೆ ಎಂದು ಅಚ್ಚಾಗಿತ್ತು. ಟೈಲರಕ್ಕನ ಮುಂದೆ ಅರವತ್ತು ಲಂಗಗಳು ರಾಶಿ ಬಿದ್ದಿದ್ದವು. "ನೋಡಿ ಸ್ವಾಮಿ, ನನಗೆ ತಲೆ ಕೆರ್ಕೊಳ್ಳೋಕೂ ಪುರುಸೊತ್ತಿಲ್ಲ. ಪುಟ್ಟೀ, ನೀನೇ ಹೇಳೇ. ನಿನಗೆಲ್ಲ ಗೊತ್ತಲ್ಲ," ಎಂದು ಪೆಡಲ್ ತುಳಿದಳು. ಮೂಲೆಯ ಸ್ಟೂಲಿನ ಮೇಲೆ ಕೆಲಸವಿಲ್ಲದೆ ಗುಂಡಿ ಹಚ್ಚುತ್ತ ಕೂತಿದ್ದ ತಂಗಿ ಪುಟ್ಟಿ ಎದ್ದು ಗುಮಾಸ್ತನ ಜೊತೆ ಹೊರಗೆ ಹೋದಳು.

ಪುಟ್ಟಿ 'ಅಕ್ಕ ಹೇಳಿದ್ದು' ಎಂದು ಶುರುಮಾಡುತ್ತಾಳೆಂದೇ ಟೈಲರಕ್ಕ ಎಣಿಸಿದ್ದಳು. ಪುಟ್ಟಿ 'ನಾನು ನೋಡಿದೆ' ಎಂದು ಶುರುಮಾಡಿದಳು.

ಮನೆಯ ಮುಂದಿನ ಕೋಣೆಯಲ್ಲಿದ್ದ ಅಪ್ಪನ ಹೊಲಿಗೆ ಅಂಗಡಿಯ ಕತ್ತರಿಸುವ ಮೇಜಿನ ಕೆಳಗೆ, ಬಟ್ಟೆಯ ಸುರುಳಿಗಳ ಹಿಂದೆ ಅಡಗಿ ಕೂತದ್ದು; ಮುಂದಿನ ಹಲಗೆಯಲ್ಲಿ ಮರದ ಗಂಟು ಉದುರಿ ಆಗಿದ್ದ ತೂತಿನಿಂದ ಎರಡು ಜೊತೆ ಬೂಟು ಕಂಡದ್ದು; ಒಂದು ಬೂಟಿಗೆ ಬಿಳಿ ಲೇಸಿದ್ದದ್ದು; ಮೂರು ವರ್ಷದ ತಾನು ಉಸಿರೂ ಬಿಡದೆ ಮೌನವಾಗಿದ್ದದ್ದು, ಆ ಮೌನ ಅಕ್ಕ-ತಂಗಿ ಇಬ್ಬರನ್ನೂ ಉಳಿಸಿದ್ದು. ಪತ್ರಿಕೆಗಳು ಅವಳನ್ನು ಮೌನದ ಮಗು ಎಂದವು. ಪ್ರಾಧ್ಯಾಪಕರೊಬ್ಬರು ತಮ್ಮ ಪುಸ್ತಕದಲ್ಲಿ ಇಡೀ ಒಂದು ಅಧ್ಯಾಯವನ್ನು ಆ ಮೌನಕ್ಕೇ ಕೊಟ್ಟು, ನಲುಗಿದ ಜನಾಂಗವೊಂದರ ಮಕ್ಕಳು ಮೌನವನ್ನೇ ಆಯುಧ ಮಾಡಿಕೊಂಡರು ಎಂದು ಬರೆದರು. ಮೇಜು ಸ್ಮಾರಕ ಭವನ ಸೇರಿತು. ಪುಟ್ಟಿ ವಿಮಾನ ಹತ್ತಿದಳು.

ಬೂಟಿಗಿದ್ದದ್ದು ಲೇಸಲ್ಲ, ಗುಂಡಿಗೆ ಕಾಜಾ ಹೊಲಿಯುವ ದಪ್ಪ ದಾರ. ಟೈಲರಕ್ಕನಿಗೆ ಪ್ರತಿ ಸಲ ನಾಲಗೆಯ ತುದಿಗೆ ಬರುತ್ತಿದ್ದದ್ದು ಇದೇ. ದರ್ಜಿಯ ಒಂಬತ್ತು ವರ್ಷದ ಮಗಳಿಗೆ ಕಾಜಾ ದಾರ ಗೊತ್ತಾಗದೆ ಇರುತ್ತದೆಯೇ? ತೂತಿಗೆ ಕಣ್ಣಿಟ್ಟವಳು ಅವಳು. ಅನಾಥಾಲಯದಲ್ಲಿ ಸಂಜೆ ತಂಗಿಯ ತಲೆ ಬಾಚುತ್ತ, ಮಗು ಕೇಳಿದಾಗಲೆಲ್ಲ, ಆ ದಿನದ ಕಥೆಯನ್ನು ನೂರು ಸಲ ಹೇಳಿದವಳೂ ಅವಳೇ. ಮಗುವಿಗೆ ತಿಳಿಯಲೆಂದು ದಾರವನ್ನು ಲೇಸು ಮಾಡಿದ್ದು ಕೂಡ.

ಕರುಬುತ್ತಿದ್ದಳು ನಿಜ, ಆದರೆ ತಂಗಿ ವೇದಿಕೆಗೆ ಹಾಕಿಕೊಳ್ಳುವ ಕೋಟುಗಳನ್ನೆಲ್ಲ ಅವಳೇ ಹೊಲಿಯುತ್ತಿದ್ದಳು. ಬೇರೆಯವರು ಹೊಲಿದದ್ದು ಪುಟ್ಟಿಯ ಭುಜಕ್ಕೆ ಕೂರುವುದಿಲ್ಲ. ಅವಳ ಎಡಭುಜ ಕಾಲಿಂಚು ಇಳಿಜಾರು. ಒಂದು ವರ್ಷ ಮಾತ್ರ ಸಿಟ್ಟು ತಡೆಯಲಾರದೆ ಬೂದು ಕೋಟಿನ ಕಂಕುಳನ್ನು ಬೇಕೆಂದೇ ಅರ್ಧ ಇಂಚು ಬಿಗಿ ಮಾಡಿದಳು. ಮೈಕಿನ ಮುಂದೆ ಕೈ ಎತ್ತಿ ಎತ್ತಿ ಮಾತಾಡುವ ಚಟ ನಿಲ್ಲಲಿ ಎಂದು. ನಿಂತಿತು. ಮರುದಿನದ ಪತ್ರಿಕೆ ಬರೆಯಿತು: 'ಕೈಯನ್ನೂ ಅಲುಗಿಸದೆ ಅವರು ತೋರಿದ ಸಂಯಮ ಸಭೆಯನ್ನು ಕಣ್ಣೀರಾಗಿಸಿತು.' ಗಂಡ ಅದನ್ನು ಗಟ್ಟಿಯಾಗಿ ಓದಿದಾಗ ಟೈಲರಕ್ಕ ಹಲ್ಲು ಕಚ್ಚಿದ ಸದ್ದು ಇಸ್ತ್ರಿ ಮೇಜಿನವರೆಗೂ ಕೇಳಿಸಿತಂತೆ.

ಹೀಗಿರುವಾಗ ಒಂದು ಮಧ್ಯಾಹ್ನ ಸ್ಮಾರಕ ಭವನದಿಂದ ಸಂಶೋಧಕಿಯೊಬ್ಬಳು ಬಂದಳು. ಮೂವತ್ತರ ಆಸುಪಾಸಿನ ಹುಡುಗಿ, ಹೆಗಲಲ್ಲಿ ಚೀಲ, ಕೈಯಲ್ಲಿ ಒಂದು ತೆಳು ಕಿರುಹೊತ್ತಗೆ.

"ಅಮ್ಮ, ನಿಮ್ಮ ಹತ್ರ ಐದು ನಿಮಿಷ ಮಾತಾಡ್ಬೇಕಿತ್ತು. ನಿಮ್ಮ ತಂಗಿಯವರ ವಿಷಯ."

"ಅವಳ ವಿಷಯಕ್ಕೆ ಅವಳ ಹತ್ರಾನೇ ಹೋಗಿ. ದೊಡ್ಡ ಮನುಷ್ಯಳು."

"ಅವರಿಗೆ ಗೊತ್ತಾಗೋದು ಬೇಡ ಅಂತಾನೇ ಇಲ್ಲಿಗೆ ಬಂದೆ."

ಪೆಡಲ್ ನಿಂತಿತು. ಗಂಡ ಹಿಂಬದಿಯಿಂದ ಕತ್ತು ಚಾಚಿದ.

ಕಿರುಹೊತ್ತಗೆ ಒಬ್ಬ ನಿವೃತ್ತ ಇಂಜಿನಿಯರ್ ಬರೆದದ್ದು. ನರಮೇಧವೆಂಬುದೇ ಕಟ್ಟುಕಥೆ, ನಡೆದದ್ದು ಬರೀ ಗಲಭೆ ಎನ್ನುವವರ ಗುಂಪಿನವನು ಅವನು. ಸ್ಮಾರಕ ಭವನಕ್ಕೆ ಹೋಗಿ ಮೇಜನ್ನು ಅಳೆದಿದ್ದ. ತೂತು ನೆಲದಿಂದ ಇಪ್ಪತ್ತನಾಲ್ಕು ಇಂಚು ಮೇಲಿತ್ತು. ಮೂರು ವರ್ಷದ ಮಗು ನೆಲದಲ್ಲಿ ಕೂತರೆ ಕಣ್ಣು ಹದಿನೆಂಟು ಇಂಚಿಗಿಂತ ಮೇಲೆ ಬರುವುದಿಲ್ಲ. ಮೇಜಿನ ಕೆಳಗೆ ಅಡ್ಡಪಟ್ಟಿ ಇರುವುದರಿಂದ ನಿಲ್ಲುವಂತೆಯೂ ಇಲ್ಲ. ಆದ್ದರಿಂದ ಮೌನದ ಮಗು ಸುಳ್ಳಿ. ಆದ್ದರಿಂದ ಉಳಿದವರೂ ಸುಳ್ಳರು.

"ಅಳತೆ ಸರಿಯಾಗೇ ಇದೆ," ಎಂದಳು ಟೈಲರಕ್ಕ. ಆರು ಇಂಚು ಯಾರದೆಂದು ಅವಳಿಗೆ ಲೆಕ್ಕ ಮಾಡಬೇಕಾಗಿರಲಿಲ್ಲ. ಒಂಬತ್ತು ವರ್ಷದ ಹುಡುಗಿ ಕೂತರೆ ಕಣ್ಣು ಇಪ್ಪತ್ತಮೂರೂವರೆ.

"ನಾನೂ ಅಳೆದೆ ಅಮ್ಮ. ಅದಕ್ಕೇ ನಿದ್ದೆ ಬರ್ತಿಲ್ಲ." ಹುಡುಗಿ ಸ್ಟೂಲನ್ನು ಹತ್ತಿರಕ್ಕೆ ಎಳೆದುಕೊಂಡಳು. "ನನಗನ್ಸೋದು ಹೇಳ್ತೀನಿ, ತಪ್ಪಾದ್ರೆ ಬೈರಿ. ನೋಡಿದವರು ನೀವು. ಅವರು ನಿಮ್ಮಿಂದ ಕೇಳಿ ಕೇಳಿ ತಾವೇ ನೋಡಿದ್ದು ಅಂದ್ಕೊಂಡಿದ್ದಾರೆ. ಚಿಕ್ಕವರಿಗೆ ಹೀಗಾಗೋದು ನಾವು ಎಷ್ಟೋ ಕಡೆ ನೋಡಿದ್ದೀವಿ, ಅದು ಸುಳ್ಳು ಅಲ್ಲ. ನೀವು ಹೂಂ ಅಂದ್ರೆ ನಿಮ್ಮ ಹೇಳಿಕೆ ಹೊಸದಾಗಿ ತಗೋತೀವಿ. ಆ ಮನುಷ್ಯನ ಬಾಯೂ ಮುಚ್ಚುತ್ತೆ. ಕಥೆ ಅದೇ ಇರುತ್ತೆ, ಹೆಸರು ಮಾತ್ರ ನಿಮ್ಮದಾಗುತ್ತೆ."

ಇಪ್ಪತ್ತೈದು ವರ್ಷ ಕಾದ ಮಾತು ಅಂಗಡಿಯ ಮೆಟ್ಟಿಲು ಹತ್ತಿ ತಾನಾಗಿ ಬಂದಿತ್ತು. ಟೈಲರಕ್ಕನ ಕಿವಿ ಬಿಸಿಯಾಯಿತು. ತನ್ನ ಹೆಸರು, ಮೇಜಿನ ಪಕ್ಕದ ಫಲಕದ ಮೇಲೆ. ಲೇಸಲ್ಲ, ಕಾಜಾ ದಾರ ಎಂದು ಕೊನೆಗಾದರೂ ತಿದ್ದಿದ ಅಕ್ಷರ.

"ಹೇಳಿಕೆ ಅಂದ್ರೆ ಏನೇನು ಕೇಳ್ತೀರಿ?"

"ಎಲ್ಲಾನೂ. ಮೂರು ನಾಲ್ಕು ಗಂಟೆ ಆಗುತ್ತೆ. ಮೊದಲು ಯಾವ ಸದ್ದು ಕೇಳ್ತು, ಬೂಟು ಎಲ್ಲಿ ನಿಂತ್ವು, ನಿಮ್ಮಮ್ಮ ಆಗ ಎಲ್ಲಿದ್ರು, ಮಗು ಹೇಗೆ ಸುಮ್ನಿತ್ತು."

ಮಗು ಸುಮ್ಮನಿರಲಿಲ್ಲ.

ಬೂಟುಗಳು ಒಳಗೆ ಬಂದ ಒಡನೆ ಪುಟ್ಟಿ ಕುಯ್ಯೋ ಎಂದು ಅತ್ತಿದ್ದಳು. ಒಂಬತ್ತು ವರ್ಷದವಳು ಅವಳನ್ನು ತೊಡೆಯ ಮೇಲೆಳೆದುಕೊಂಡು ಮುಖವನ್ನು ತನ್ನೆದೆಗೆ ಒತ್ತಿ ಹಿಡಿದಿದ್ದಳು. ತೂತಿನಾಚೆ ಕಾಜಾ ದಾರದ ಬೂಟು ನಿಂತಿತು, ಮೇಜಿನ ಕಡೆ ತಿರುಗಿತು, ಒಂದು ಹೆಜ್ಜೆ ಇಟ್ಟಿತು. ಆಗ ಹಿಂದಿನ ಕೋಣೆಯಲ್ಲಿ ಮಂಚದ ಕೆಳಗೆ ಅಡಗಿದ್ದ ಅಮ್ಮ ಎದ್ದು, ಕಬ್ಬಿಣದ ಇಸ್ತ್ರಿಪೆಟ್ಟಿಗೆಯನ್ನು ನೆಲಕ್ಕೆ ಅಪ್ಪಳಿಸಿ, ಹಿತ್ತಿಲ ಬಾಗಿಲಿನಿಂದ ಓಡಿದಳು. ಬೂಟುಗಳು ಅವಳ ಹಿಂದೆ ಓಡಿದವು. ಅಮ್ಮ ಮತ್ತೆ ಬರಲಿಲ್ಲ.

ಅನಾಥಾಲಯದಲ್ಲಿ ಪುಟ್ಟಿ ದಿನಾ ಕೇಳುತ್ತಿದ್ದಳು, ಅಮ್ಮ ಯಾಕೆ ಬರಲಿಲ್ಲ ಎಂದು. ಬಾಚಣಿಗೆ ಹಿಡಿದ ಹತ್ತು ವರ್ಷದ ಹುಡುಗಿ ಎಷ್ಟು ಯೋಚಿಸಬಲ್ಲಳು? ಅಮ್ಮ ಆವತ್ತು ಮನೆಯಲ್ಲೇ ಇರಲಿಲ್ಲ, ನೀರು ತರಲು ಹೋಗಿದ್ದಳು ಎಂದಳು. ನೀನು ಜಾಣೆ, ಒಂಚೂರೂ ಸದ್ದು ಮಾಡಲಿಲ್ಲ ಎಂದಳು. ಆ ಮಾತೇ ಬೆಳೆದು ಅಧ್ಯಾಯವಾಯಿತು, ಮೌನ ಆಯುಧವಾಯಿತು. ಮದುವೆಯಾದ ಹೊಸತರಲ್ಲಿ ಗಂಡ ಇಸ್ತ್ರಿಪೆಟ್ಟಿಗೆಯನ್ನು ಕುಕ್ಕಿದಾಗ ಅವಳು ಬೆಚ್ಚಿ ಬಟ್ಟೆಯ ರಾಶಿಯ ಹಿಂದೆ ಹೋಗಿ ಕೂತಿದ್ದಳು. ಅವತ್ತಿನಿಂದ ಅವನು ಕಾರಣ ಕೇಳದೆ ಅದನ್ನು ಮಡಿಸಿದ ಕಂಬಳಿಯ ಮೇಲೇ ಇಡುತ್ತಿದ್ದ.

ಈಗ ನಾಲ್ಕು ಗಂಟೆ ಹೇಳಿಕೆ ಕೊಟ್ಟರೆ? ಅರ್ಧ ಹೇಳಿ ಅರ್ಧ ಬಿಡಲು ಅವಳಿಗೆ ಬಾರದು. ಒಂದು ಹೊಲಿಗೆ ಓರೆಯಾದರೆ ಪೂರ್ತಿ ಬಿಚ್ಚುವವಳು. ಅವಳ ಹೆಸರು ಫಲಕಕ್ಕೆ ಏರಬೇಕಾದರೆ, ನಿನ್ನ ಅಳುವಿಗೆ ಅಮ್ಮ ಸತ್ತಳು ಎಂಬ ಮಾತು ನಲವತ್ತೆಂಟರ ಪುಟ್ಟಿಗೆ ಮುಟ್ಟಬೇಕು.

ಮುಟ್ಟಲಿ ಎಂದಿತು ಹೊಟ್ಟೆಯೊಳಗಿನ ಕಿಚ್ಚು. ಇಷ್ಟು ವರ್ಷ ನನ್ನ ಕಣ್ಣು ಇಟ್ಟುಕೊಂಡು ಮೆರೆದಳಲ್ಲ. ಕಣ್ಣಿನ ಜೊತೆ ಕಂಡದ್ದನ್ನೂ ಇಟ್ಟುಕೊಳ್ಳಲಿ.

"ತೊಡೆ," ಎಂದಳು ಟೈಲರಕ್ಕ.

"ಏನಮ್ಮ?"

"ಅವಳು ನೆಲದ ಮೇಲೆ ಕೂತಿರ್ಲಿಲ್ಲ. ನನ್ನ ತೊಡೆ ಮೇಲಿದ್ಲು. ನಾನು ಚಕ್ಕಳಮಕ್ಕಳ ಹಾಕಿ ಕೂತಿದ್ದೆ. ಒಂಬತ್ತು ವರ್ಷದವಳ ತೊಡೆ ನೆಲದಿಂದ ಐದಿಂಚು ಬರುತ್ತೆ. ಹದಿನೆಂಟು, ಐದು, ಇಪ್ಪತ್ತಮೂರು. ಸ್ವಲ್ಪ ಕತ್ತೆತ್ತಿದ್ರೆ ಇಪ್ಪತ್ತನಾಲ್ಕು. ಆ ಇಂಜಿನಿಯರ್‌ಗೆ ಹೇಳಿ, ಮಕ್ಕಳನ್ನ ಅಳೆಯೋದು ಸಿಮೆಂಟು ಅಳೆದ ಹಾಗಲ್ಲ ಅಂತ."

ಹುಡುಗಿ ತಾನೇ ಸ್ಟೂಲಿನಿಂದಿಳಿದು ನೆಲದ ಮೇಲೆ ಕೂತು ನೋಡಿದಳು. ಚೀಲದಿಂದ ಟೇಪು ತೆಗೆದು ಅಳೆದಳು, ಬರೆದುಕೊಂಡಳು, ಅವಳ ಮುಖ ತಿಳಿಯಾಯಿತು. ಮಗು ಯಾವ ಕಡೆ ಮುಖ ಮಾಡಿತ್ತು ಎಂದು ಮಾತ್ರ ಕೇಳಲಿಲ್ಲ. ಅಳತೆ ತೆಗೆಯುವವರು ಎಷ್ಟೇ ಜಾಣರಾದರೂ ಒಂದು ಅಳತೆ ಮರೆತೇ ಮರೆಯುತ್ತಾರೆ. ಟೈಲರಕ್ಕನ ಹತ್ತಿರ ಅಂಗಿಯ ಉದ್ದ ಬರೆಸಿ ತೋಳು ಮರೆತು ಹೋದವರು ನೂರಾರು ಮಂದಿ.

ಹುಡುಗಿ ಹೋದ ಮೇಲೆ ಗಂಡ ಕೇಳಿದ, "ಮತ್ತೆ ಇಷ್ಟು ವರ್ಷ 'ನಾನು ನೋಡಿದ್ದು, ನಾನು ನೋಡಿದ್ದು' ಅಂತ ನನ್ನ ಕಿವಿ ತಿಂದೆಯಲ್ಲೇ?"

"ತಿಂದೆ. ಇನ್ನೂ ತಿಂತೀನಿ. ಸುಮ್ನೆ ಇಸ್ತ್ರಿ ಹಾಕ್ರಿ."

ಅವತ್ತು ಅವಳು ಮೂರು ಸಲ ಕೈಗೆ ಸೂಜಿ ಚುಚ್ಚಿಕೊಂಡಳು.

ಎರಡು ತಿಂಗಳಿಗೆ ಭವನದ ವಾರ್ಷಿಕ ಪತ್ರಿಕೆಯಲ್ಲಿ ಸಂಶೋಧಕಿಯ ಲೇಖನ ಬಂತು. ಇಂಜಿನಿಯರನ ಮಾತಿಗೆ ಚಿತ್ರ ಸಮೇತ ಉತ್ತರ. ಚಿತ್ರದಲ್ಲಿ ಮೇಜು, ತೂತು, ಒಂದು ಮಗು; ಮಗುವಿನ ಕೆಳಗೆ ಚುಕ್ಕೆ ಗೆರೆಯಲ್ಲಿ ಒಂದು ಆಕಾರ, ಅದಕ್ಕೆ ಬಾಣ ಹಾಕಿ 'ಅಕ್ಕನ ತೊಡೆ, ಐದು ಇಂಚು' ಎಂದು ಬರೆದಿತ್ತು. ಗಂಡ ನಕ್ಕು ನಕ್ಕು ಕೆಮ್ಮಿದ. "ಕೊನೆಗೂ ಚರಿತ್ರೆ ಸೇರಿದೆ ಬಿಡು. ತಲೆ ಇಲ್ಲ, ಮುಖ ಇಲ್ಲ, ಬರೀ ತೊಡೆ!"

ಟೈಲರಕ್ಕನಿಗೆ ನಗು ಬರಲಿಲ್ಲ. ನೆರಳಿನ ಹಾಗಾದರೂ ಬರೆಯಬಹುದಿತ್ತಲ್ಲ, ಚುಕ್ಕೆ ಗೆರೆಯೇ?

ಆ ವಾರವೇ ಪುಟ್ಟಿ ಬಂದಳು. ಸ್ಮರಣೆಯ ಸಭೆಗೆ ಹೊಸ ಕೋಟು ಬೇಕಿತ್ತು. ಅಕ್ಕ ಭುಜದ ಅಳತೆ ತೆಗೆಯುವಾಗ ಪುಟ್ಟಿ ಕನ್ನಡಿಯಲ್ಲಿ ಅವಳನ್ನೇ ನೋಡುತ್ತಿದ್ದಳು.

"ಅಕ್ಕ, ನಾನು ನಿನ್ನ ತೊಡೆ ಮೇಲಿದ್ನಂತೆ. ನನಗೆ ಯಾವತ್ತೂ ಹೇಳೇ ಇಲ್ಲ."

"ನೀನು ಯಾವತ್ತೂ ಕೇಳ್ಲಿಲ್ಲ. ನೆಟ್ಟಗೆ ನಿಂತ್ಕೋ."

"ಕೇಳೋಕೆ ಭಯ ಆಗ್ತಿತ್ತು ಕಣೇ." ಪುಟ್ಟಿಯ ದನಿ ವೇದಿಕೆಯ ದನಿಯಾಗಿರಲಿಲ್ಲ. "ನನಗೇನೂ ನೆನಪಿಲ್ಲ ಅಂತ ನನಗೆ ಗೊತ್ತು. ಮೊದಲ್ನೇ ಸಲ ಆ ಗುಮಾಸ್ತನಿಗೆ ಹೇಳುವಾಗ ನಾನೇ ನೋಡಿದೆ ಅನ್ನಿಸ್ತು. ಈಗ ಮೈಕ್ ಮುಂದೆ ನಿಂತ್ರೆ ಬೂಟು ಕಾಣಲ್ಲ, ನಿನ್ನ ದನಿ ಕೇಳ್ಸುತ್ತೆ. ತಲೇಲಿ ಬಾಚಣಿಗೆ ಓಡಾಡುತ್ತೆ. ಅಮ್ಮನ ಮುಖ ಅಂತೂ ಬರೋದೇ ಇಲ್ಲ. ಜನ ಎಲ್ಲ ನನ್ನ ನೆನಪು ನೋಡಿ ಅಳ್ತಾರೆ, ನಾನು ನಿನ್ನ ನೆನಪು ನೋಡಿ ಹೊಟ್ಟೆ ಉರ್ಕೊಳ್ತೀನಿ. ನಿನ್ನ ಹತ್ರ ಅಮ್ಮ ಒಂಬತ್ತು ವರ್ಷ ಇದ್ಲು. ನನ್ನ ಹತ್ರ ಒಂದು ನಿಮಿಷಾನೂ ಇಲ್ಲ."

ಟೈಲರಕ್ಕನ ಕೈಯಲ್ಲಿ ಟೇಪು ನಿಂತಿತು. ಉರಿಯುವುದು ತನ್ನೊಬ್ಬಳ ಹೊಟ್ಟೆ ಎಂದೇ ಅವಳು ಇಷ್ಟು ಕಾಲ ತಿಳಿದಿದ್ದಳು.

"ಒಂದು ಕೇಳ್ಲಾ?" ಎಂದಳು ಪುಟ್ಟಿ. "ನಿಜ ಹೇಳು. ನಾನು ನಿಜವಾಗ್ಲೂ ಸುಮ್ನಿದ್ನಾ?"

'ಇಲ್ಲ' ಎಂಬ ಒಂದು ಮಾತು. ಅದನ್ನು ಹೇಳಿದರೆ ವೇದಿಕೆ, ಅಧ್ಯಾಯ, ಬಿರುದು ಎಲ್ಲ ಕಚ್ಚಾ ಹೊಲಿಗೆಯ ಹಾಗೆ ಒಂದೇ ಎಳೆತಕ್ಕೆ ಬಿಚ್ಚಿಕೊಳ್ಳುತ್ತಿತ್ತು. ಆ ಎಳೆ ತನ್ನ ಕೈಯಲ್ಲೇ ಇದೆ ಎಂಬುದೊಂದು ಸುಖ ಅವಳಿಗೆ ಆಯಿತು. ಆಗಲಿಲ್ಲ ಎಂದರೆ ಸುಳ್ಳಾಗುತ್ತದೆ.

"ಕಲ್ಲಿನ ಹಾಗೆ ಇದ್ದೆ," ಎಂದಳು. "ಈಗ್ಲೂ ಹಾಗೇ ಇರು, ಅಳತೆ ತಪ್ಪುತ್ತೆ."

ಭುಜ ಬರೆದುಕೊಂಡಳು, ತೋಳು ಬರೆದುಕೊಂಡಳು. ಪುಟ್ಟಿಯ ಕಣ್ಣು ಇನ್ನೂ ಕನ್ನಡಿಯಲ್ಲೇ ಇತ್ತು. ಟೈಲರಕ್ಕನಿಗೆ ತಡೆಯಲಾಗಲಿಲ್ಲ.

"ಆವತ್ತು ಬೆಳಿಗ್ಗೆ ನನಗೆ ಅಮ್ಮನ ಹತ್ರ ಏಟು ಬಿದ್ದಿತ್ತು, ಗೊತ್ತಾ?"

"ಏಟಾ? ಆವತ್ತಾ?"

"ಸ್ಕೇಲಲ್ಲಿ, ಮೊಣಕೈಗೆ. ಹೊರಗೆ ಹೋಗೋ ಹಾಗಿಲ್ಲ ಅಂತ ಬೇಜಾರಾಗಿ, ಅಪ್ಪ ಕತ್ತರಿಸೋಕೆ ಇಟ್ಟಿದ್ದ ಕಪ್ಪು ಬಟ್ಟೆ ಮೇಲೆ ಸೀಮೆಸುಣ್ಣದಲ್ಲಿ ಅಮ್ಮನ ಚಿತ್ರ ಬರ್ದಿದ್ದೆ. ಮೂಗು ಈ ದಪ್ಪ. ಹೊಡೆದು, ಬಟ್ಟೆ ಒದ್ದೆ ಮಾಡಿ ಉಜ್ಜೋಕೆ ಕೂತ್ಲು. ಮೂಗು ಹೋಗ್ಲೇ ಇಲ್ಲ. ಆಮೇಲೆ ತಾನೇ ನಗೋಕೆ ಶುರು ಮಾಡಿದ್ಲು. ಅಷ್ಟು ದಿನದಲ್ಲಿ ಮೊದಲ್ನೇ ಸಲ. ಬಾಯಿಗೆ ಸೆರಗು ತುರ್ಕೊಂಡು, ಸದ್ದು ಹೊರಗೆ ಹೋಗದ ಹಾಗೆ."

ಪುಟ್ಟಿ ತಿರುಗಿ ನಿಂತಳು. ಅವಳ ಮುಖದಲ್ಲಿದ್ದದ್ದು ಅಚ್ಚ ಮತ್ಸರ. ಟೈಲರಕ್ಕನಿಗೆ ಅದು ಚೆನ್ನಾಗಿ ಗೊತ್ತಿತ್ತು, ಇಪ್ಪತ್ತೈದು ವರ್ಷ ಅದೇ ಕನ್ನಡಿಯಲ್ಲಿ ನೋಡಿದ್ದಳು.

"ನನಗೆ ಯಾವತ್ತಾದ್ರೂ ಹೊಡೆದಿದ್ಲಾ?"

"ನಿನಗಾ? ಇಲ್ಲ. ನೀನು ಮುದ್ದಿನ ಮಗು."

"ಒಂದೇಟೂ ಇಲ್ವಾ?"

"ಇಲ್ವೇ ಮಾರಾಯ್ತಿ. ನಾನೇನು ಮಾಡ್ಲಿ?"

"ಅಕ್ಕ, ಇದನ್ನ ಸಭೇಲಿ ಹೇಳ್ಲಾ? ಒಂದೇ ಒಂದು ಸಲ. ಅಕ್ಕನಿಗೆ ಬಿದ್ದ ಏಟು ಅಂತಾನೇ ಹೇಳ್ತೀನಿ."

"ಬೇಡ."

"ಜನಕ್ಕೆ ಗೊತ್ತಾಗ್ಬೇಕು ಕಣೇ. ಸತ್ತವರು ಬರೀ ಸತ್ತವರಲ್ಲ, ನಗ್ತಿದ್ರು ಅಂತ."

"ಬೇರೆಯವರ ಅಮ್ಮಂದಿರೂ ನಗ್ತಿದ್ರು, ಅವರನ್ನ ಹೇಳು. ಬೂಟು ನೀನಿಟ್ಕೋ, ತೂತು ಇಟ್ಕೋ, ನನ್ನ ತೊಡೇನೂ ಇಟ್ಕೋ. ಏಟು ಕೊಡಲ್ಲ. ಅದು ನಂಗೆ ಬಿದ್ದಿದ್ದು."

"ಜಿಪುಣಿ."

"ಹೌದು. ಕೋಟಿಗೆ ಲೈನಿಂಗ್ ಯಾವ ಬಣ್ಣ?"

ಸಭೆಗೆ ಟೈಲರಕ್ಕ ಹೋದಳು. ಅದುವರೆಗೆ ಒಮ್ಮೆಯೂ ಹೋಗಿರಲಿಲ್ಲ. ಕೆಲಸವಿದೆ ಎಂದು ನೆವ ಹೇಳುತ್ತಿದ್ದಳು. ಈ ಸಲ ಹೋದದ್ದು ಕಾವಲಿಗೆ. ಹಿಂದಿನ ಸಾಲಿನಲ್ಲಿ ಕುರ್ಚಿಯ ಅಂಚಿಗೆ ಕೂತು, ತಂಗಿ ಮಾತು ತಪ್ಪಿದರೆ ಅಲ್ಲೇ ಎದ್ದು ನಿಲ್ಲುತ್ತೇನೆಂದು ಗಂಡನಿಗೆ ಹೇಳಿಟ್ಟಳು.

ಪುಟ್ಟಿ ಹೇಳಿದಳು. ಸುಣ್ಣದ ಗೆರೆ, ಲಾರಿ, ಮೇಜು, ಅಕ್ಕನ ತೊಡೆ. "ಆವತ್ತು ಬೆಳಿಗ್ಗೆ ನಮ್ಮಮ್ಮ..." ಎಂದು ಬಾಯಿ ತೆರೆದು ನಿಂತಳು. ಟೈಲರಕ್ಕ ಕುರ್ಚಿಯ ಕೈ ಹಿಡಿದಳು. ವೇದಿಕೆಯ ಮೇಲಿನವಳು ಹಿಂದಿನ ಸಾಲನ್ನು ಹುಡುಕಿ ನೋಡಿದಳು, ಲೋಟದಿಂದ ಒಂದು ಗುಟುಕು ನೀರು ಕುಡಿದಳು, "ನಮ್ಮಮ್ಮ ನೀರು ತರೋಕೆ ಹೋಗಿದ್ಲು" ಎಂದು ಮುಂದುವರಿದಳು. ಆ ನಿಂತ ಕ್ಷಣಕ್ಕೆ ಸಭೆಯೆಲ್ಲ ಉಸಿರು ಹಿಡಿದಿತ್ತು. ಮುಂದಿನ ಸಾಲಿನಲ್ಲಿ ಯಾರೋ ಬಿಕ್ಕಿದರು, ಪತ್ರಕರ್ತನೊಬ್ಬ ಬಗ್ಗಿ ಏನನ್ನೋ ಬರೆದುಕೊಂಡ.

"ನೋಡಿದ್ರಾ," ಎಂದು ಟೈಲರಕ್ಕ ಗಂಡನ ಪಕ್ಕೆಗೆ ತಿವಿದಳು, "ಹೇಳದೆ ಇದ್ದಿದ್ದಕ್ಕೂ ಅಳ್ತಾರೆ!"

ಪಕ್ಕದ ಕುರ್ಚಿಯ ಹೆಂಗಸು ಕಣ್ಣೊರೆಸಿಕೊಂಡು ಅವಳ ಕಡೆ ಬಾಗಿದಳು. "ಮೂರು ವರ್ಷದ ಮಗು ಆಗಿದ್ದಾಗಿನದು. ಎಂಥಾ ನೆನಪಿನ ಶಕ್ತಿ, ಅಲ್ವಾ?"

"ಹೌದಮ್ಮ," ಎಂದಳು ಟೈಲರಕ್ಕ. "ಹೇಳಿಕೊಟ್ಟಿದ್ದನ್ನ ಚಿಕ್ಕಂದಿನಿಂದಲೂ ಬೇಗ ಕಲೀತಿದ್ಲು."